ಮನೆಯೊಳಗಿನ ರೈಲುದಾರಿ

(ಬಾನುಲಿ ಭಾಷಣ)

ಹವ್ಯಾಸ ಎಂಬ ಮಾತನ್ನು ನಾವು ಬಲು ಹಗುರವಾಗಿ ಬಳಸುತ್ತೇವೆ. ಹೊತ್ತು ಹೋಗದವನು ಹೊತ್ತು ಕಳೆಯಲು ಹಿಡಿದ ಕೆಲಸ ಎಂಬುದು ಅದರ ವಾಡಿಕೆಯ ಅರ್ಥ. ನಿವೃತ್ತನಾದವನಿಗಂತೂ ಬಂಧುಮಿತ್ರರೆಲ್ಲ ಅದನ್ನು ಔಷಧದ ಚೀಟಿಯಂತೆ ಬರೆದುಕೊಡುತ್ತಾರೆ. ಆದರೆ ಹೊತ್ತು ಕಳೆಯುವ ಹವ್ಯಾಸಗಳು ಇರುವಂತೆಯೇ, ಕಳೆದುಹೋದ ಹೊತ್ತನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುವ ಹವ್ಯಾಸಗಳೂ ಕೆಲವು ಉಂಟು. ಅಂಥ ಒಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹಲಗೆಯ ಮೇಲೆ ಬೆರಳಗಲದ ಕಂಬಿ ಹಾಸಿ, ಗುಡ್ಡ, ಗಿಡ, ಸ್ಟೇಷನ್ನುಗಳನ್ನು ಕಟ್ಟಿ, ಗೇಣುದ್ದದ ಎಂಜಿನ್ನನ್ನು ವೇಳಾಪಟ್ಟಿಗೆ ಸರಿಯಾಗಿ ಓಡಿಸುವ ಹವ್ಯಾಸ ಅದು. ಅದನ್ನು ಮಾದರಿ ರೈಲು ಎನ್ನೋಣ.

ಕನ್ನಡ ಪಾಠ ಹೇಳಿ ತಲೆ ನರೆತವನು ರೈಲಾಟಕ್ಕೆ ಕೂತಿದ್ದಾನೆಂದರೆ, ಅರವತ್ತಕ್ಕೆ ಅರಳು ಮರಳು ಎಂದು ಜನ ನಗುವುದು ಸಹಜ. ಅವರಿಗೆ ನಾನು ಕೊಡುವ ಉತ್ತರ, ಆಟಿಕೆ ಬೇರೆ, ಮಾದರಿ ಬೇರೆ ಎಂಬುದು. ಚನ್ನಪಟ್ಟಣದ ಆಲೆಮರದ ರೈಲನ್ನು ತಾವೆಲ್ಲ ಕಂಡಿದ್ದೀರಿ. ಅರಗಿನ ಬಣ್ಣ ಹಚ್ಚಿದ ಆ ಎಂಜಿನ್ನಿಗೆ ಕೊಳವೆಯಿದೆ, ಗಾಲಿಯಿದೆ, ಹಿಂದೆ ಎರಡು ಡಬ್ಬಿಗಳಿವೆ. ಅದು ಯಾವ ಊರಿನ ರೈಲು, ಯಾವ ವರ್ಷದ್ದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದುದೂ ಇಲ್ಲ, ಏಕೆಂದರೆ ಅದು ರೈಲು ಎಂಬ ಭಾವನೆಯ ರೂಪ. ಮಾದರಿಯಾದರೋ ಒಂದು ನಿರ್ದಿಷ್ಟ ದಾರಿಯ, ಒಂದು ನಿರ್ದಿಷ್ಟ ಕಾಲದ, ಒಂದು ನಿರ್ದಿಷ್ಟ ಬಂಡಿಗೆ ಉತ್ತರ ಹೇಳಬೇಕು. ಅದರ ಗಾಲಿಗಳು ಎಷ್ಟು, ಸ್ಟೇಷನ್ನಿನ ಮಾಡು ಹೆಂಚಿನದೋ ತಗಡಿನದೋ ಎಂಬ ಪ್ರಶ್ನೆಗಳಿಂದ ಅದಕ್ಕೆ ಬಿಡುಗಡೆಯಿಲ್ಲ. ಗಾದೆಗೂ ಚರಿತ್ರೆಗೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಎರಡೂ ಬೇಕು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು, ಅಷ್ಟೆ.

ಕಿರಿದರಲ್ಲಿ ಲೋಕವನ್ನು ಕೂರಿಸುವ ಈ ಆಸೆ ನಮಗೇನೂ ಹೊಸತಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮಕ್ಕಳು ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳೆಯಿಸಿ ಹೊಲ ಮಾಡುತ್ತಿದ್ದರು, ಕನ್ನಡಿಯ ಚೂರಿನಿಂದ ಕೆರೆ ಮಾಡುತ್ತಿದ್ದರು. ಸೇತುವೆ, ಗುಡಿ, ಸಂತೆ ಎಲ್ಲವೂ ಒಂದು ಮೂಲೆಯಲ್ಲಿ ಅಡಕವಾಗುತ್ತಿದ್ದವು. ಹತ್ತನೆಯ ದಿನ ಆ ಊರನ್ನು ಎತ್ತಿಡುತ್ತಿದ್ದೆವು. ಮಾದರಿ ರೈಲಿನವನು ಎತ್ತಿಡಲೊಲ್ಲದ ಗೊಂಬೆ ಹಬ್ಬದವನು ಎಂದರೆ ತಪ್ಪಾಗಲಾರದು.

ಈ ಹವ್ಯಾಸದ ಮೂಲ ಜರ್ಮನಿ, ಇಂಗ್ಲೆಂಡುಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಗಡಿನ ಆಟದ ರೈಲುಗಳು ಬೇಕಾದಷ್ಟಿದ್ದವು. ಆದರೆ ಒಬ್ಬನ ಗಾಲಿ ಇನ್ನೊಬ್ಬನ ಕಂಬಿಗೆ ಹೊಂದುತ್ತಿರಲಿಲ್ಲ. 1891ರಲ್ಲಿ ಲೈಪ್‌ಸಿಗ್ ನಗರದ ಜಾತ್ರೆಯಲ್ಲಿ ಮಾರ್ಕ್ಲಿನ್ ಎಂಬ ಜರ್ಮನ್ ಸಂಸ್ಥೆ ಗೊತ್ತಾದ ಅಗಲಗಳ ಕಂಬಿಗಳನ್ನು ಮುಂದಿಟ್ಟಿತು. ಈ ವರ್ಷ ಒಂದು ಎಂಜಿನ್ನು ಕೊಂಡ ಮನೆ ಮುಂದಿನ ವರ್ಷ ಒಂದು ತಿರುವು, ಅದರ ಮುಂದಿನ ವರ್ಷ ಒಂದು ಸೇತುವೆ ಕೊಳ್ಳಬಹುದಾಯಿತು. ಅಳತೆ ಗೊತ್ತಾದ ಮೇಲೆ ಆಟಿಕೆಗೆ ಬೆಳೆಯುವ ಗುಣ ಬಂತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬುವರು 1920ರಲ್ಲಿ ತಮ್ಮ ಹೆಸರಿನ ರೈಲುಗಳನ್ನು ಹೊರತಂದರು. ಅಲ್ಲಿಂದ ಮುಂದೆ ಕಂಬಿಗಳು ಕಿರಿದಾಗುತ್ತ ಬಂದವು, ಮಾಡುವವರ ಕಣ್ಣು ಸೂಕ್ಷ್ಮವಾಗುತ್ತ ಬಂತು.

ಇಂದು ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. ಎಂದರೆ ನಿಜದ 87 ಮೀಟರು ಇಲ್ಲಿ 1 ಮೀಟರು. ಈ ಲೆಕ್ಕದಲ್ಲಿ ನಮ್ಮ ಮೀಟರ್ ಗೇಜ್ ದಾರಿಯ ಕಂಬಿಗಳ ನಡುವಣ ಅಂತರ ಸುಮಾರು 12 ಮಿಲಿಮೀಟರು. ಐದೂವರೆ ಅಡಿ ಎತ್ತರದ ಆಳು 19 ಮಿಲಿಮೀಟರು. ಗಂಟೆಗೆ 50 ಕಿಲೋಮೀಟರು ಓಡುವ ಬಂಡಿ ಇಲ್ಲಿ ಒಂದು ಸೆಕೆಂಡಿಗೆ 16 ಸೆಂಟಿಮೀಟರು ಸಾಗಬೇಕು. ಅದಕ್ಕಿಂತ ಜೋರಾಗಿ ಓಡಿಸಿದರೆ ಮಾದರಿ ಮತ್ತೆ ಆಟಿಕೆಯಾಗಿಬಿಡುತ್ತದೆ.

ಎಲ್ಲವೂ ಹೀಗೆ ವಿಧೇಯವಾಗಿ ಕಿರಿದಾಗುವುದಿಲ್ಲ ಎಂಬುದೇ ಇದರ ಸ್ವಾರಸ್ಯ. ಉದ್ದ 87 ಪಾಲು ಇಳಿದರೆ ತೂಕ ಆರೂವರೆ ಲಕ್ಷ ಪಾಲಿಗೂ ಹೆಚ್ಚು ಇಳಿಯಬೇಕಾಗುತ್ತದೆ. 60 ಟನ್ನಿನ ಎಂಜಿನ್ನು 91 ಗ್ರಾಂ ಆಗುತ್ತದೆ. ಅಷ್ಟು ಹಗುರವಾದರೆ ಗಾಲಿ ಕಂಬಿಯನ್ನು ಕಚ್ಚದೆ ಜಾರುತ್ತದೆ, ಆದ್ದರಿಂದ ಹೊಟ್ಟೆಯೊಳಗೆ ಸೀಸ ತುಂಬುತ್ತಾರೆ. ನೀರು ಕಿರಿದಾಗುವುದಿಲ್ಲ. ಹನಿ ಎಲ್ಲಿದ್ದರೂ ಹನಿಯೇ, ಪುಟ್ಟ ಹೊಳೆಯಲ್ಲಿ ನಿಜವಾದ ನೀರು ಬಿಟ್ಟರೆ ಅದು ಚೆಲ್ಲಿದ ನೀರಿನಂತೆ ಕಾಣುತ್ತದೆ. ಅದಕ್ಕೇ ಹೊಳೆಯನ್ನು ಗಾಜಿನಿಂದಲೋ ವಾರ್ನಿಷ್ ಬಳಿದೋ ತೋರಿಸಬೇಕು. ಹೊಗೆಯೂ ಹಾಗೆಯೇ. ಎಂಜಿನ್ನಿನ ಕೊಳವೆಯಿಂದ ಎಣ್ಣೆ ಕಾಯಿಸಿ ಹೊಗೆ ಬಿಡುವ ಉಪಾಯವಿದೆ, ಆದರೆ ಅದು ಊದುಬತ್ತಿಯ ಹೊಗೆಗಿಂತ ಹೆಚ್ಚಿನದನ್ನು ನೆನಪಿಗೆ ತರಲಾರದು. ನಿಜವನ್ನು ಹೋಲಬೇಕಾದರೆ ಕೆಲವು ಕಡೆ ನಿಜವನ್ನು ಬಿಡಬೇಕು. ಕಾವ್ಯ ಓದಿದವರಿಗೆ ಇದು ಗೊತ್ತಿರುವ ಮಾತೇ.

ದೂರದ ಸಮಸ್ಯೆ ಇದಕ್ಕಿಂತ ದೊಡ್ಡದು. ಎರಡು ಸ್ಟೇಷನ್ನುಗಳ ನಡುವೆ ಹತ್ತು ಕಿಲೋಮೀಟರು ಇದ್ದರೆ ಮಾದರಿಯಲ್ಲಿ ಅದಕ್ಕೆ 115 ಮೀಟರು ಬೇಕು. ಅಷ್ಟುದ್ದದ ಮನೆ ಯಾರಿಗಿದೆ? 200 ಮೀಟರು ತ್ರಿಜ್ಯದ ತಿರುವಿಗೆ ಎರಡೂಕಾಲು ಮೀಟರು ಬೇಕು, ಕೋಣೆಗೆ ಹೊಂದುವುದು ಅರ್ಧ ಮೀಟರು. ಆದ್ದರಿಂದ ಬಿಡುವುದನ್ನು ಕಲಿಯಬೇಕು. ಹತ್ತು ಡಬ್ಬಿಗಳ ಬಂಡಿಯಲ್ಲಿ ನಾಲ್ಕನ್ನು ಇಟ್ಟುಕೊಂಡು ಬಂಡಿಯ ಭಾವ ಕೆಡದಂತೆ ನೋಡಿಕೊಳ್ಳಬೇಕು. ಸಾಲುಮರದಲ್ಲಿ ಒಂದು ಆಲ ಸಾಕು, ಆದರೆ ಆ ಆಲಕ್ಕೆ ಕಟ್ಟೆ ಇರಲೇಬೇಕು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವ ಎಂದು ಒಂದು ಗ್ರಂಥವನ್ನೇ ಬರೆದ. ಔಚಿತ್ಯವೆಂದರೇನು ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ನನಗೆ, ಮೂರು ಅಡಿಯ ಪ್ಲಾಟ್‌ಫಾರಮಿನ ಮೇಲೆ ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂದು ಯೋಚಿಸುತ್ತ ಕೂತಾಗ ಆ ಮಾತು ಕೈಗೆ ತಾಕುವಂತಾಯಿತು.

ಹೀಗೆ ಆರಿಸಿ ಕಟ್ಟುವುದಕ್ಕೆ ಒಬ್ಬ ಮನುಷ್ಯ ತನ್ನ ಬಾಳನ್ನೇ ಕೊಟ್ಟ ಒಂದು ನಿದರ್ಶನವನ್ನು ಹೇಳುತ್ತೇನೆ. ರಾಯ್ ಇಂಗ್ಲೆಂಡ್ ಎಂಬ ತರುಣ 1925ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದ. ರೈಲುಗಳ ಮೋಹ ಅವನನ್ನು ಕರೆತಂದಿತ್ತು. ಅಲ್ಲಿ ಬಿಳಿಗುದುರೆಯ ಕಣಿವೆ ಎಂದು ಹೆಸರಾದ ಸೀಮೆಯ ಹಳ್ಳಿಗಳನ್ನು ಕಂಡು ಮನಸೋತ. ಅವನ ಕಣ್ಣೆದುರಿಗೇ ಆ ಹಳ್ಳಿಗಳ ಹುಲ್ಲುಮಾಡಿನ ಮನೆಗಳು ಬಿದ್ದು, ಹೊಸ ಸಾಮಗ್ರಿಯ ಮನೆಗಳು ಏಳುತ್ತಿದ್ದವು. ತಡೆಯುವ ಶಕ್ತಿ ಅವನಿಗಿರಲಿಲ್ಲ. ಅಳೆದು, ಚಿತ್ರ ತೆಗೆದು, ಒಂದೊಂದು ಮನೆಯನ್ನೂ ರಟ್ಟಿನಲ್ಲಿ ಕಟ್ಟಿ, ಕಲ್ಲುಕಲ್ಲಿಗೂ ನೀರುಬಣ್ಣ ಹಚ್ಚಿ ಇಡತೊಡಗಿದ. ಒಂದು ಮನೆಗೆ ನೂರಾರು ಗಂಟೆಗಳ ದುಡಿಮೆ. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಎಂಬ ವಸ್ತುಸಂಗ್ರಹಾಲಯ ಆರಂಭವಾಯಿತು. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡರು. ಸ್ವಯಂಸೇವಕರ ಕೈಯಲ್ಲಿ ಆ ಕಣಿವೆ ಇನ್ನೂ ಬೆಳೆಯುತ್ತಿದೆ. ಎರಡು ಮಹಾಯುದ್ಧಗಳ ನಡುವಣ ಒಂದು ನಾಡು ಅಲ್ಲಿ ಮನೆಯ ಹಿತ್ತಲ ಹೂಗಿಡದವರೆಗೆ ಉಳಿದಿದೆ. ನಮ್ಮ ದೇಶದಲ್ಲಿಯೂ ಪುಣೆಯ ಭಾವೂಸಾಹೇಬ ಜೋಶಿಯವರ ಶ್ರಮದಿಂದ 1998ರಲ್ಲಿ ಕಿರು ರೈಲುಗಳ ಸಂಗ್ರಹಾಲಯವೊಂದು ತೆರೆಯಿತು.

ಇನ್ನು ನನ್ನ ಅಲ್ಪ ಪ್ರಯತ್ನದ ಮಾತು. ಮಹಡಿಯ ಕೋಣೆಯ ಎರಡು ಗೋಡೆಗಳನ್ನು ಅನುಸರಿಸಿ, ಎರಡಡಿ ಅಗಲದ ಹಲಗೆಯ ಮೇಲೆ ಮಲೆನಾಡಿನ ಮೀಟರ್ ಗೇಜ್ ದಾರಿಯ ಒಂದು ಸ್ಟೇಷನ್ನು ಕಟ್ಟಿದ್ದೇನೆ. ಬಂಡಿ ಸ್ಟೇಷನ್ನು ದಾಟಿ ಗುಡ್ಡದ ಮರೆಗೆ ಹೋದರೆ ಅಲ್ಲಿ ಪರದೆ. ಪರದೆಯ ಹಿಂದೆ ನಾಲ್ಕು ಸಾಲು ಕಂಬಿ. ಉಳಿದ ಪ್ರಪಂಚವೆಲ್ಲ ಆ ನಾಲ್ಕು ಕಂಬಿಗಳೇ. ನಾಟಕದವರು ನೇಪಥ್ಯ ಎನ್ನುವುದು ಇದನ್ನೇ. ಜರಡಿ ಹಿಡಿದ ಕೆಮ್ಮಣ್ಣು ನೆಲವಾಯಿತು. ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲಾಯಿತು. ತಾಮ್ರದ ತಂತಿ ಹುರಿದರೆ ಮರದ ಬೊಡ್ಡೆ, ತೆಂಗಿನ ನಾರು ಸೋಗೆಯ ಮಾಡು. ಎಂಜಿನ್ನಿನ ಒಡಲನ್ನು ಹಿತ್ತಾಳೆಯ ತಗಡಿನಿಂದ ಬೆಸೆದು, ವಿದೇಶದ ಪುಟ್ಟ ಮೋಟಾರು ಗಾಲಿಗಳ ಮೇಲೆ ಕೂರಿಸಿದೆ. ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದು ಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಕಾಲವನ್ನು 1973 ಎಂದು ಗೊತ್ತುಮಾಡಿಕೊಂಡೆ. ಅದಕ್ಕೆ ಕಾರಣವಿದೆ. 1974ರಲ್ಲಿ ನಮ್ಮ ರೈಲುಗಳಲ್ಲಿ ಮೂರನೆಯ ದರ್ಜೆ ಎಂಬುದು ರದ್ದಾಯಿತು. ನಾನು ಹುಡುಗನಾಗಿ ಪಯಣಿಸಿದ್ದು ಅದೇ ದರ್ಜೆಯಲ್ಲಿ. ಮರದ ಪಟ್ಟಿಗಳ ಬೆಂಚು ನನಗೆ ನೆನಪಿದೆ. ಡಬ್ಬಿಯ ಬಾಗಿಲ ಬಳಿ ಮೂರು ಗೀಟುಗಳ ಆ ಗುರುತನ್ನು ಬಿಡಿಸಬೇಕೆಂಬುದೇ ನನ್ನ ಆಸೆ. ಉಗಿ ಎಂಜಿನ್ನುಗಳೂ ಉಳಿಯಲಿಲ್ಲ. ಮೀಟರ್ ಗೇಜಿನ ವೈ.ಜಿ. ಜಾತಿಯ ಎಂಜಿನ್ನಿನೊಡನೆ 1972ರಲ್ಲಿ ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ನುಗಳ ತಯಾರಿಕೆಯನ್ನು ನಿಲ್ಲಿಸಿತು. 1992ರಲ್ಲಿ ಏಕ ಗೇಜಿನ ಯೋಜನೆ ಬಂದ ಮೇಲೆ ಮೀಟರ್ ಗೇಜ್ ಕಂಬಿಗಳೂ ಒಂದೊಂದಾಗಿ ಎದ್ದುಹೋದವು. ಆ ಬದಲಾವಣೆ ಬೇಕಾಗಿತ್ತು, ಅದರಿಂದ ನಾಡಿಗೆ ಲಾಭವೂ ಆಯಿತು. ಆದರೆ ಲಾಭದ ಲೆಕ್ಕ ಬರೆದ ಪುಸ್ತಕದಲ್ಲಿ ಹೋದದ್ದರ ಪಟ್ಟಿಗೂ ಒಂದು ಹಾಳೆ ಇರಬೇಡವೇ?

ಸ್ಟೇಷನ್ನಿಗೆ ಯಾವ ಹೆಸರಿಟ್ಟಿದ್ದೀರಿ ಎಂದು ನೋಡಿದವರು ಕೇಳುತ್ತಾರೆ. ಹಳದಿ ಹಲಗೆಯನ್ನು ಬರಿದಾಗಿಯೇ ಬಿಟ್ಟಿದ್ದೇನೆ. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಅರಸಾಳು ಎಂಬ ಸ್ಟೇಷನ್ನಿದೆ. ಆರ್. ಕೆ. ನಾರಾಯಣರ ಮಾಲ್ಗುಡಿ ಕತೆಗಳನ್ನು ಶಂಕರನಾಗ್ ದೂರದರ್ಶನಕ್ಕೆ ತಂದಾಗ ಮಾಲ್ಗುಡಿಯ ಸ್ಟೇಷನ್ನಾಗಿ ಕಾಣಿಸಿದ್ದು ಅದು. ಯಾವ ನಕ್ಷೆಯಲ್ಲಿಯೂ ಇಲ್ಲದ ಊರು ಒಂದು ನಿಜವಾದ ಸ್ಟೇಷನ್ನಿಗೆ ತನ್ನ ಹೆಸರನ್ನು ಅಂಟಿಸಿತು. ಅಲ್ಲಿನ ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವೆಂದೇ ಉಳಿಸಿಕೊಂಡಿದ್ದಾರೆ. ಊರು ಕಲ್ಪಿತವಾಗಿದ್ದರೂ ಅಡ್ಡಿಯಿಲ್ಲ; ಅದರ ಕದ, ಕಿಟಕಿ, ಮನುಷ್ಯರು ನಿಜವಾಗಿರಬೇಕು. ಬರಿದಾದ ಹಲಗೆಯ ಮೇಲೆ ಬಂದವರು ತಂತಮ್ಮ ಊರನ್ನು ಓದಿಕೊಳ್ಳುತ್ತಾರೆ.

ಮನುಷ್ಯರು ಎಂದೆ. ಈ ಹವ್ಯಾಸದ ಬಹುದೊಡ್ಡ ಅಪಾಯ ಇರುವುದು ಅಲ್ಲಿಯೇ. ಎಂಜಿನ್ನಿನ ಅಂದಕ್ಕೆ ಸೋತವನು ಅದನ್ನು ನಡೆಸಿದವರನ್ನು ಮರೆಯುವುದು ಸುಲಭ. ಕಿರಿದಾದ ಲೋಕದಲ್ಲಿ ಬೆವರಿಲ್ಲ, ಬಾಯ್ಲರಿನ ಬೇಗೆಯಿಲ್ಲ, ಬೆಳಗಿನ ಜಾವದ ಚಳಿಯಿಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರಿದ್ದರು. ಹಲಗೆ ಕೊಯ್ಯಿಸುವುದಕ್ಕೂ ಮೊದಲೇ ನಕ್ಷೆ ಹಿಡಿದು ಅವರಲ್ಲಿಗೆ ಹೋದೆ. ಅವರು ಕನ್ನಡಕವೇರಿಸಿ ಬಹಳ ಹೊತ್ತು ನೋಡಿ ಹೇಳಿದರು: “ಮೇಷ್ಟ್ರೇ, ಎಂಜಿನ್ನು ಎಲ್ಲರಿಗೂ ಕಾಣುತ್ತೆ. ಅದು ಬರೋದಕ್ಕೆ ಮೊದಲು ದಾರಿ ಮೇಲೆ ನಡ್ಕೊಂಡು ಬರೋನು ಯಾರಿಗೂ ಕಾಣೋಲ್ಲ. ಮೊದಲು ಕೀಮನ್‌ನ ನಿಲ್ಲಿಸಿ, ಆಮೇಲೆ ಎಂಜಿನ್ನು ತನ್ನಿ.”

“ಅವನ ಕೈಯಲ್ಲಿ ಏನಿರಬೇಕು ಮಾಸ್ತರರೇ?” ಎಂದೆ.

“ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರು, ಕೆಂಪು ಹಸಿರು ಬಾವುಟ. ಮಲೆನಾಡಲ್ವೇ, ತಲೆ ಮೇಲೆ ಕಂಬಳಿ ಕೊಪ್ಪೆ.”

ಕಂಬಿಯನ್ನು ಸ್ಲೀಪರಿಗೆ ಬಿಗಿಯಲು ಉಕ್ಕಿನ ಬೆಣೆಗಳಿರುತ್ತವೆ. ಬಂಡಿ ಓಡಿದಷ್ಟೂ ಅವು ಸಡಿಲುತ್ತವೆ. ತನ್ನ ಪಾಲಿನ ದಾರಿಯನ್ನು ದಿನವೂ ಕಾಲ್ನಡೆಯಲ್ಲಿ ನೋಡಿ, ಸಡಿಲಿದ ಬೆಣೆಯನ್ನು ಬಡಿದು ಕೂರಿಸುವವನು ಕೀಮನ್. ಸಾವಿರ ಜನ ನಿದ್ದೆ ಮಾಡುತ್ತ ಹೋಗುವುದು ಅವನ ಎಚ್ಚರದ ಮೇಲೆ. ನನ್ನ ರೈಲುದಾರಿಯಲ್ಲಿ ಮೊತ್ತಮೊದಲು ನಿಂತವನು ಅವನು, ಕೊಪ್ಪೆ ಹೊದ್ದ 19 ಮಿಲಿಮೀಟರಿನ ಮನುಷ್ಯ. ಅವನ ಅಳತೆಗೆ ತಕ್ಕಂತೆ ಉಳಿದುದೆಲ್ಲ ಬೆಳೆಯಿತು.

ಕಟ್ಟುವುದಾಯಿತು, ಓಡಿಸುವುದು ಹೇಗೆ? ವಿದ್ಯುತ್ತಿನ ಏರ್ಪಾಡು ಸರಳ. ಒಂದು ಕಂಬಿ ಧನ, ಇನ್ನೊಂದು ಋಣ. ನಡುವೆ 12 ವೋಲ್ಟು. ಗಾಲಿಗಳ ಮೂಲಕ ವಿದ್ಯುತ್ತು ಮೋಟಾರಿಗೆ ಏರುತ್ತದೆ. ವೋಲ್ಟು ಏರಿಸಿದರೆ ವೇಗ, ಧನ ಋಣಗಳನ್ನು ಅದಲುಬದಲು ಮಾಡಿದರೆ ಹಿಂದುಹಿಂದಕ್ಕೆ ನಡೆ. ದಾರಿ ಕುಣಿಕೆಯಂತೆ ಸುತ್ತಿ ತನ್ನನ್ನೇ ಬಂದು ಸೇರಿದರೆ ಮಾತ್ರ ಧನದ ಕಂಬಿ ಋಣದ ಕಂಬಿಯನ್ನು ಮುಟ್ಟಿ ಎಲ್ಲವೂ ಸ್ತಬ್ಧವಾಗುತ್ತದೆ, ಅಲ್ಲಿ ಕಂಬಿಯನ್ನು ಕಡಿದು ಬೇರೆ ವ್ಯವಸ್ಥೆ ಮಾಡಬೇಕು. ಈಗ ಒಂದೊಂದು ಎಂಜಿನ್ನಿನೊಳಗೂ ಒಂದು ಚಿಪ್ಪನ್ನಿಟ್ಟು, ಅದರದರ ನಂಬರು ಹಿಡಿದು ಕರೆದರೆ ಅದೊಂದೇ ಚಲಿಸುವ ಅಂಕೀಯ ಪದ್ಧತಿಯೂ ಬಂದಿದೆ. ಈ ತಂತಿಗಳ ಗೋಜಲು ಸಾಮಾನ್ಯವಾದುದಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲಿನ ಸಂಘದ ಹುಡುಗರು ಹಳೆಯ ಟೆಲಿಫೋನಿನ ಬಿಡಿಭಾಗಗಳಿಂದ ತಮ್ಮ ರೈಲನ್ನು ನಿಯಂತ್ರಿಸುತ್ತಿದ್ದರು. ಜಾಣತನದ ಕೈಚಳಕಕ್ಕೆ ಅವರು ಬಳಸುತ್ತಿದ್ದ ‘ಹ್ಯಾಕ್’ ಎಂಬ ಮಾತೇ ಮುಂದೆ ಗಣಕಯಂತ್ರದ ಲೋಕಕ್ಕೆ ‘ಹ್ಯಾಕರ್’ ಎಂಬ ಪದವನ್ನು ಕೊಟ್ಟಿತು.

ಬಂಡಿಯನ್ನು ಸುಮ್ಮನೆ ಸುತ್ತು ಹೊಡೆಸಿದರೆ ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ. ರೈಲಿಗೆ ಅರ್ಥ ಬರುವುದು ಅದಕ್ಕೊಂದು ವೇಳೆ, ಒಂದು ಕೆಲಸ, ಎದುರಿನಿಂದ ಬರುವ ಇನ್ನೊಂದು ಬಂಡಿ ಇದ್ದಾಗ. ಒಂಟಿ ದಾರಿಯಲ್ಲಿ ಎದುರುಬದುರಾಗಿ ಎರಡು ಬಂಡಿಗಳು ಹೊರಡದಂತೆ ನಮ್ಮ ರೈಲ್ವೆಯಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ಅವುಗಳ ಒಳಗೆ ಲೋಹದ ಗುಂಡುಗಳು. ಆಚೆಯ ಮಾಸ್ತರ ಒಪ್ಪಿ ತನ್ನ ಯಂತ್ರವನ್ನು ಒತ್ತಿ ಹಿಡಿದರೆ ಮಾತ್ರ ಈಚೆಯ ಯಂತ್ರದಿಂದ ಗುಂಡು ಹೊರಬರುತ್ತದೆ. ಆ ಗುಂಡು ಎರಡರಲ್ಲಿ ಒಂದು ಯಂತ್ರಕ್ಕೆ ಮರಳುವ ತನಕ ಮತ್ತೊಂದು ಗುಂಡು ಬರುವುದಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡು ಕೈಗೆ ಬಂದಲ್ಲದೆ ಡ್ರೈವರು ಬಂಡಿ ಬಿಡುವಂತಿಲ್ಲ. ‘ಲೈನ್ ಕ್ಲಿಯರ್’ ಎಂಬ ಮಾತು ನಮ್ಮ ಆಡುನುಡಿಗೂ ಬಂದು ಸೇರಿದೆಯಷ್ಟೆ.

ಭಾನುವಾರ ಸಂಜೆ ಐದಕ್ಕೆ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು. ಪತ್ನಿ ತೀರಿಹೋದ ಮೇಲೆ ಅವರು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಸ್ಟೇಷನ್ನು ಅವರ ಪಾಲು, ಪರದೆಯ ಹಿಂದಿನ ನೇಪಥ್ಯ ನನ್ನ ಪಾಲು. ಪುಟ್ಟ ಬಳೆಯೊಂದಕ್ಕೆ ಚೀಲ ಹೊಲಿದು, ಉಕ್ಕಿನ ಗುಂಡೊಂದನ್ನು ಹಾಕಿದ್ದೆ. ನಮ್ಮ ಹತ್ತು ನಿಮಿಷ ಅಲ್ಲಿಗೆ ಒಂದು ಗಂಟೆ. ಎರಡು ಗಂಟೆಯಲ್ಲಿ ಒಂದು ಹಗಲು ಮುಗಿಯುತ್ತಿತ್ತು. ನಾನು ಗಂಟೆ ಬಾರಿಸಿ ಕೇಳಬೇಕು, ಅವರು ಬಾರಿಸಿ ಒಪ್ಪಬೇಕು. ಬೆಳಗಿನ ಪ್ಯಾಸೆಂಜರು ಎರಡು ನಿಮಿಷ ತಡವಾದರೆ ಅವರು ಪುಸ್ತಕದಲ್ಲಿ ಕಾರಣ ಬರೆಯದೆ ಬಿಡುತ್ತಿರಲಿಲ್ಲ. ಎಷ್ಟೋ ವರ್ಷ ನಿಜವಾದ ಪ್ರಾಣಗಳನ್ನು ಕಾದ ಆ ಶಿಸ್ತು ನನ್ನ ಹಲಗೆಯ ಮೇಲೆ ಒಂದಿಷ್ಟೂ ಕಿರಿದಾಗಲಿಲ್ಲ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಕೆಲವು ವಾರ ಬಂಡಿಗಳು ನಿಂತೇ ಇದ್ದವು. ಕಂಬಿಯ ಮೇಲೆ ಧೂಳು, ತೇವಕ್ಕೆ ಕಪ್ಪು ಪದರ. ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸದೆ ಬಿಟ್ಟರೆ ಈ ಲೋಕ ಬಹುಬೇಗ ಸಾಯುತ್ತದೆ. ಈಗ ಪಕ್ಕದ ಮನೆಯ ಕಾಲೇಜು ಹುಡುಗಿ ಸ್ಟೇಷನ್ನಿಗೆ ಕೂರುತ್ತಾಳೆ. ಉಗಿ ಎಂಜಿನ್ನನ್ನು ಅವಳು ಕಂಡವಳಲ್ಲ. ಗುಂಡಿನ ನಿಯಮವನ್ನು ವಿವರಿಸಿದಾಗ ಅವಳು ಕೇಳಿದಳು: “ತಾತ, ಆ ಕಡೆ ಯಾರೂ ಇಲ್ದೇ ಇದ್ರೆ ಗುಂಡು ಈಚೆಗೆ ಬರೋದೇ ಇಲ್ವಾ?” ಬರುವುದಿಲ್ಲ. ಕಟ್ಟುವುದು ಒಬ್ಬನಿಂದ ಆದೀತು. ಓಡಿಸಲು ಆಚೆಯ ತುದಿಯಲ್ಲಿ ಇನ್ನೊಬ್ಬರು ಬೇಕೇ ಬೇಕು.

ಅಮೆರಿಕದ ಮಾಂಟರೆ ಪಟ್ಟಣದಲ್ಲಿ ಜಾನ್ ಆಲನ್ ಎಂಬ ಛಾಯಾಗ್ರಾಹಕರಿದ್ದರು. ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಸೂರಿನವರೆಗೆ ಏಳುವ ಬೆಟ್ಟಗಳ ನಡುವೆ ಇಪ್ಪತ್ತು ವರ್ಷ ಒಂದು ರೈಲುದಾರಿಯನ್ನು ಕಟ್ಟಿದರು. ಕನ್ನಡಿಗಳನ್ನಿಟ್ಟು ದೂರವನ್ನು ಇಮ್ಮಡಿಸಿದರು. ತಮಾಷೆಗೆಂದು ಎಂಜಿನ್ನಿನ ಬದಲು ಡಬ್ಬಿ ಎಳೆಯುವ ಒಂದು ಪುರಾತನ ಡೈನೊಸಾರನ್ನೂ ಇಟ್ಟಿದ್ದರು. ಸ್ನೇಹಿತರೆಲ್ಲ ಕೂಡಿ ಅದನ್ನು ಕ್ರಮಬದ್ಧವಾಗಿ ನಡೆಸುತ್ತಿದ್ದರು. 1973ರ ಜನವರಿಯಲ್ಲಿ ಅವರು ಕಾಲವಾದರು. ಹತ್ತೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಆ ಬೆಟ್ಟಗಳೆಲ್ಲ ಸುಟ್ಟುಹೋದವು. ಬೆಂಕಿ ಮಾತ್ರ ಪ್ರಮಾಣಕ್ಕೆ ಸರಿಯಾಗಿ ಕಿರಿದಾಗಲಿಲ್ಲ. ಆದರೂ ಅವರು ತೆಗೆದ ಚಿತ್ರಗಳು, ಜೊತೆಗೂಡಿ ಓಡಿಸುವ ರೀತಿಗೆ ಅವರು ಹಾಕಿದ ಮೇಲ್ಪಂಕ್ತಿ ಇಂದಿಗೂ ಹವ್ಯಾಸಿಗಳ ನಡುವೆ ಉಳಿದಿವೆ. ಪೆಂಡನ್ನಿನ ಕಣಿವೆ ಉಳಿಯಿತು, ಮಾಂಟರೆಯ ಬೆಟ್ಟ ಅಳಿಯಿತು. ಎರಡು ಕಡೆಯೂ ಮುಂದುವರಿದದ್ದು ಕೈಯಿಂದ ಕೈಗೆ ದಾಟಿದ ಕೆಲಸ.

ಕೇಳುಗರಲ್ಲಿ ಯಾರಿಗಾದರೂ ಇದರಲ್ಲಿ ಮನಸ್ಸಾದರೆ ದೊಡ್ಡ ವೆಚ್ಚಕ್ಕೆ ಹೆದರಬೇಕಾಗಿಲ್ಲ. ನಾಲ್ಕಡಿಯ ಒಂದು ಹಲಗೆ, ಒಂದು ತಿರುವಿಲ್ಲದ ದಾರಿ, ಒಂದು ಪುಟ್ಟ ಸ್ಟೇಷನ್ನು, ಆರಂಭಕ್ಕೆ ಇಷ್ಟು ಸಾಕು. ತಮಗೆ ಗೊತ್ತಿರುವ ದಾರಿಯನ್ನೇ ಆರಿಸಿಕೊಳ್ಳಿ. ಆದರೆ ಅಂಗಡಿಗೆ ಹೋಗುವ ಮೊದಲು ತಮ್ಮ ಊರಿನಲ್ಲಿ ಮೀಟರ್ ಗೇಜಿನ ದಾರಿಯಲ್ಲಿ ದುಡಿದ ಗಾರ್ಡೋ, ಫೈರ್‌ಮನ್ನೋ, ಗ್ಯಾಂಗ್‌ಮನ್ನೋ ಇನ್ನೂ ಇದ್ದಾರೆಯೇ ಎಂದು ವಿಚಾರಿಸಿ. ಅವರಿಗೆ ಈಗ ವಯಸ್ಸಾಗಿದೆ. ಕಂಬಿಗಳನ್ನು ನಾಳೆಯೂ ಕೊಳ್ಳಬಹುದು. ಅವರ ಬಳಿಗೆ ಇಂದೇ ಹೋಗಿ, ಎದುರಿಗೆ ಕೂತು, ಅವರು ದಿನವೂ ಮುಂಜಾನೆ ಏನು ಮಾಡುತ್ತಿದ್ದರು ಎಂದು ಕೇಳಿರಿ.